ಅಯಾನಿನ ಬಂಧನ

ಬೆಂಕಿಯಿದ್ದಲ್ಲಿ ಹೊಗೆಯಿರುವುದೆಂಬ ಮಾತು ಕಟ್ಟಿಗೆಯು ಹಸಿಯಾಗಿದ್ದಾಗ ಮಾತ್ರವೇ ನಿಜವಾದುದು. ಆ ಹಸಿತನವನ್ನು ನಮ್ಮ ನೈಯಾಯಿಕರು ‘ಉಪಾಧಿ’ಯೆಂದು ಕರೆದರು. ಭೌತಶಾಸ್ತ್ರದಲ್ಲಿ ಅಸಾಧ್ಯವೆನಿಸಿದ್ದ ಎರಡು ಸಂಗತಿಗಳೂ ಇಂತಹ ಉಪಾಧಿಯನ್ನೇ ಆಶ್ರಯಿಸಿದ್ದುವು.

ಇಲೆಕ್ಟ್ರಾನೊಂದನ್ನು ಕಳೆದುಕೊಂಡ ಪರಮಾಣುವು ವಿದ್ಯುದಾವಿಷ್ಟವಾಗಿ ಅಯಾನೆನಿಸುವುದು. ಸ್ಥಿರವಾದ ವಿದ್ಯುದ್ಬಲಗಳಿಂದಲೇ ಇದನ್ನು ಶೂನ್ಯದಲ್ಲಿ ತಡೆದು ನಿಲ್ಲಿಸಲಾಗದೆಂದು ಆಂಗ್ಲ ವಿದ್ವಾಂಸರಾದ ಅರ್ನ್‌ಷಾ 1842ರಲ್ಲಿ ಪ್ರಕಟಿಸಿದರು. ಕುದುರೆಯ ಜೀನಿನ ಮೇಲಿಟ್ಟ ಗೋಲಿಯು ಹಿಂದುಮುಂದಕ್ಕೆ ಜಾರದಿದ್ದರೂ ಮಗ್ಗುಲಿಗೆ ಉರುಳದೆ ಇರದು. ಆದರೆ ಜೀನನ್ನೇ ತಕ್ಕ ವೇಗದಿಂದ ತಿರುಗಿಸಿದಲ್ಲಿ, ಗೋಲಿಯು ಇಳಿಯುವಷ್ಟರಲ್ಲಿಯೇ ಏರು ಎದುರಾಗುವುದು. ಜರ್ಮನಿಯ ವೋಲ್ಫ್‌ಗಾಂಗ್ ಪೌಲರು ವಿದ್ಯುದ್ಬಲದ ದಿಕ್ಕನ್ನು ಹೀಗೆಯೇ ಕ್ಷಣಕ್ಷಣಕ್ಕೂ ಬದಲಿಸಿ, 1950ರ ದಶಕದಲ್ಲಿ ಅಯಾನುಗಳಿಗೆ ಬೋನನ್ನು ರಚಿಸಿದರು. ಅರ್ನ್‌ಷಾರ ನಿಯಮವು ಸುಳ್ಳಾಗಲಿಲ್ಲ. ‘ಸ್ಥಿರ’ವೆಂಬ ಅದರ ಉಪಾಧಿಯು ಬೆಳಕಿಗೆ ಬಂದಿತು. 1980ರಲ್ಲಿ ಹೈಡೆಲ್‌ಬರ್ಗಿನಲ್ಲಿ ಬೇರಿಯಮ್ಮಿನ ಒಂದೇ ಒಂದು ಅಯಾನಿನ ಛಾಯಾಚಿತ್ರವನ್ನು ತೆಗೆಯಲಾಯಿತು. ಪೌಲರಿಗೂ ಡೆಹ್ಮೆಲ್ಟರಿಗೂ 1989ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. 1995ರಲ್ಲಿ ಸಿರಾಕ್ ಮತ್ತು ಜೋಲರ್ ಎಂಬವರು ಇಂತಹ ಅಯಾನುಗಳ ಸಾಲಿನಿಂದ ಕ್ವಾಂಟಮ್ ಗಣಕವನ್ನು ರಚಿಸುವ ಬಗೆಯನ್ನು ಸೂಚಿಸಿದರು; ಅದೇ ವರ್ಷ ಅಮೇರಿಕದ ವೈನ್‌ಲೆಂಡರ ಸಂಗಡಿಗರು ಅದರ ಮೊದಲ ಹೆಜ್ಜೆಯನ್ನಿಟ್ಟರು.

ಬೋನಿನಲ್ಲಿರುವ ಅಯಾನು ಸದಾ ಕಂಪಿಸುತ್ತಲೇ ಇರುವುದು. ಅದನ್ನು ತಂಪುಗೊಳಿಸಲು ಪರಮಾಣುಗಳನ್ನು ಬೆರೆಸುವುದಾದರೆ ಅವು ಅಯಾನಿಗಿಂತ ಹಗುರಾಗಿರತಕ್ಕದ್ದೆಂದು ಮೇಜರ್ ಮತ್ತು ಡೆಹ್ಮೆಲ್ಟರು 1968ರಲ್ಲಿ ತೋರಿಸಿದ್ದರು. ಸಮಾನ ತೂಕದ ಪರಮಾಣುವಿನಿಂದ ಈ ಕಾರ್ಯವಾಗದೆಂಬ ಎಣಿಕೆಯು ಇದರಿಂದ ಬೆಳೆಯಿತು.

ಸರ್ ಸಿ. ವಿ. ರಾಮನ್ನರು 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಂಶೋಧನಾಲಯದಲ್ಲಿ ಎಸ್. ಎ. ರಂಗವಾಲರೂ ಅವರ ಸಂಗಡಿಗರೂ ಈ ಎಣಿಕೆಯನ್ನು ಪರೀಕ್ಷಿಸಿದರು. ಲೇಸರ್ ಕಿರಣಗಳಿಂದ ತಣಿಸಿದ ರುಬಿಡಿಯಮ್ ಪರಮಾಣುಗಳನ್ನು ಬೋನಿನ ನಟ್ಟನಡುವೆಯೇ ಸಣ್ಣ ಮೋಡದಂತೆ ಕೂಡಿಸಿದಾಗ, ಅದೇ ಧಾತುವಿನ ಅಯಾನುಗಳು ತಂಪಾದುವೆಂದು 2012ರಲ್ಲಿ ಪ್ರಕಟಿಸಿದರು. ನಡುವಿನಲ್ಲಿ ಬಲದ ತೂಗಾಟವು ಅತ್ಯಲ್ಪವಾದುದರಿಂದ ಅಲ್ಲಿಯ ಡಿಕ್ಕಿಯು ವೇಗವನ್ನು ಕುಗ್ಗಿಸುವುದು. ಇನ್ನೂ ಒಂದು ಸ್ವಾರಸ್ಯವಿದೆ. ವೇಗದಿಂದ ಬಂದ ಅಯಾನು ತಣ್ಣನೆಯ ಪರಮಾಣುವಿನಿಂದ ಇಲೆಕ್ಟ್ರಾನನ್ನು ಪಡೆದು ತಾನು ಬಂಧಮುಕ್ತವಾಗಿ ಹೊರಟುಹೋಗುವುದು. ಕೊಟ್ಟ ಪರಮಾಣುವು ತಣ್ಣನೆಯ ಅಯಾನಾಗಿ ಬೋನಿನಲ್ಲಿ ಉಳಿಯುವುದು. ತಣಿಸುವ ವಾಯುವು ಬೋನಿನಲ್ಲೆಲ್ಲ ಹರಡಿರುವುದೆಂಬುದೇ ಹಳೆಯ ಎಣಿಕೆಯ ಉಪಾಧಿಯಾಗಿದ್ದಿತು.

ಪೂರ್ವಸೂರಿಗಳ ನಿಯಮವನ್ನು ಧಿಕ್ಕರಿಸುವುದು ಸುಲಭ. ಕಣ್ಣುಮುಚ್ಚಿ ಒಪ್ಪುವುದು ಇನ್ನೂ ಸುಲಭ. ಅದರ ಉಪಾಧಿಯನ್ನು ಅರಸುವುದೇ ಕಠಿನವಾದುದು. ಶಾಸ್ತ್ರವು ಬೆಳೆಯುವುದೂ ಅದರಿಂದಲೇ.