ಬಹು ಮೇಲ್ವಿಚಾರಕರು ಮತ್ತು ಸಾಂಸ್ಥಿಕ ಬದ್ಧತೆ

ಬಹು ಮೇಲ್ವಿಚಾರಣೆ ಎಂದರೆ ಒಬ್ಬ ಉದ್ಯೋಗಿಯು ಏಕಕಾಲದಲ್ಲಿ ಇಬ್ಬರು ಅಥವಾ ಹೆಚ್ಚು ಮೇಲಧಿಕಾರಿಗಳಿಗೆ ಉತ್ತರದಾಯಿಯಾಗಿರುವ ವ್ಯವಸ್ಥೆ. ಈ ಸಂಬಂಧಗಳು ಸಂಸ್ಥೆಯ ಬಗೆಗಿನ ಉದ್ಯೋಗಿಯ ಬದ್ಧತೆಯನ್ನು ಹೇಗೆ ರೂಪಿಸುತ್ತವೆ ಎಂಬುದು ಸಾಂಸ್ಥಿಕ ಮನೋವಿಜ್ಞಾನದ ಅಧ್ಯಯನ ವಿಷಯಗಳಲ್ಲೊಂದು.

ಹಿನ್ನೆಲೆ

ಅಮೆರಿಕದ ಫ್ರೆಡರಿಕ್ ಟೇಲರ್ 1903ರ ‘ಶಾಪ್ ಮ್ಯಾನೇಜ್‌ಮೆಂಟ್’ ಕೃತಿಯಲ್ಲಿ ಕಾರ್ಖಾನೆಯ ಮೇಲ್ವಿಚಾರಣೆಯನ್ನು ಎಂಟು ಮಂದಿಗೆ ಹಂಚುವ ಕ್ರಮವನ್ನು ಸೂಚಿಸಿದರು. ಫ್ರಾನ್ಸಿನ ಹೆನ್ರಿ ಫಯೋಲ್ 1916ರಲ್ಲಿ ಇದಕ್ಕೆ ವಿರುದ್ಧವಾದ ‘ಆದೇಶದ ಏಕತೆ’ ತತ್ವವನ್ನು ಮಂಡಿಸಿದರು. ಅದರಂತೆ ನೌಕರನಿಗೆ ಒಬ್ಬ ಅಧಿಕಾರಿಯಿಂದ ಮಾತ್ರ ಆದೇಶ ಬರಬೇಕು. 1960ರ ದಶಕದಲ್ಲಿ ಅಮೆರಿಕದ ವೈಮಾನಿಕ ಹಾಗೂ ಬಾಹ್ಯಾಕಾಶ ಉದ್ಯಮದಲ್ಲಿ ಮ್ಯಾಟ್ರಿಕ್ಸ್ ರಚನೆ ಬಳಕೆಗೆ ಬಂದಿತು. ಇದರಲ್ಲಿ ಉದ್ಯೋಗಿಗೆ ವಿಭಾಗದ ಮುಖ್ಯಸ್ಥ ಮತ್ತು ಯೋಜನೆಯ ವ್ಯವಸ್ಥಾಪಕ ಎಂಬ ಇಬ್ಬರು ಮೇಲಧಿಕಾರಿಗಳಿರುತ್ತಾರೆ. ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ಕಂಪನಿಗಳಲ್ಲಿಯೂ ಇಂತಹ ರಚನೆ ಸಾಮಾನ್ಯವಾಗಿದೆ.

ಬದ್ಧತೆಯ ವಿಧಗಳು

ಜಾನ್ ಮೇಯರ್ ಮತ್ತು ನಟಾಲಿ ಅಲೆನ್ 1991ರಲ್ಲಿ ಮಂಡಿಸಿದ ಮಾದರಿಯು ಬದ್ಧತೆಯನ್ನು ಮೂರಾಗಿ ವಿಂಗಡಿಸುತ್ತದೆ:

* ಭಾವನಾತ್ಮಕ ಬದ್ಧತೆ: ಸಂಸ್ಥೆಯ ಮೇಲಿನ ಒಲವಿನಿಂದ ಉಳಿಯುವುದು.
* ಮುಂದುವರಿಕೆಯ ಬದ್ಧತೆ: ಬಿಟ್ಟರೆ ಆಗುವ ನಷ್ಟವನ್ನು ಲೆಕ್ಕಹಾಕಿ ಉಳಿಯುವುದು.
* ನೈತಿಕ ಬದ್ಧತೆ: ಉಳಿಯುವುದು ಕರ್ತವ್ಯವೆಂಬ ಭಾವನೆಯಿಂದ ಉಳಿಯುವುದು.

ಮೇಲ್ವಿಚಾರಕರೊಡನೆ ಇರುವ ಸಂಬಂಧವು ಮುಖ್ಯವಾಗಿ ಮೊದಲನೆಯದರ ಮೇಲೆ ಪ್ರಭಾವ ಬೀರುತ್ತದೆ.

ಪ್ರಭಾವದ ಬಗೆ

ಇಬ್ಬರು ಮೇಲಧಿಕಾರಿಗಳು ಪರಸ್ಪರ ಹೊಂದದ ಬೇಡಿಕೆಗಳನ್ನು ಮುಂದಿಟ್ಟಾಗ ‘ಪಾತ್ರ ಸಂಘರ್ಷ’ ಉಂಟಾಗುತ್ತದೆ. ತನ್ನಿಂದ ಏನನ್ನು ನಿರೀಕ್ಷಿಸಲಾಗಿದೆ ಎಂಬುದೇ ತಿಳಿಯದಿದ್ದರೆ ಅದು ‘ಪಾತ್ರ ಅಸ್ಪಷ್ಟತೆ’. ಇವೆರಡೂ ಕಡಿಮೆ ಬದ್ಧತೆಯೊಂದಿಗೆ ಸಂಬಂಧ ಹೊಂದಿವೆ.

ಎಲ್ಲ ಮೇಲ್ವಿಚಾರಕರ ಪ್ರಭಾವವೂ ಸಮಾನವಲ್ಲ. ರಾಬರ್ಟ್ ಐಸೆನ್‌ಬರ್ಗರ್ ಮತ್ತು ಸಹೋದ್ಯೋಗಿಗಳು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಉದ್ಯೋಗಿಯು ಯಾವ ಮೇಲ್ವಿಚಾರಕನನ್ನು ಸಂಸ್ಥೆಯ ಪ್ರತಿರೂಪವೆಂದು ಭಾವಿಸುತ್ತಾನೋ ಅವನೊಡನೆ ಇರುವ ಉತ್ತಮ ಸಂಬಂಧವು ಸಂಸ್ಥೆಯ ಮೇಲಿನ ಒಲವಾಗಿ ಹೆಚ್ಚು ಪರಿವರ್ತನೆಯಾಗುತ್ತದೆ. ಹಾಗಿಲ್ಲದಿದ್ದಲ್ಲಿ ಆ ನಿಷ್ಠೆ ವ್ಯಕ್ತಿಗಷ್ಟೇ ಸೀಮಿತವಾಗಿ ಉಳಿಯಬಹುದು. ಆ ಮೇಲಧಿಕಾರಿ ಸಂಸ್ಥೆಯನ್ನು ತೊರೆದಾಗ ಉದ್ಯೋಗಿಗೂ ಉಳಿಯಲು ಕಾರಣ ಕಡಿಮೆಯಾಗುತ್ತದೆ.

ಗುತ್ತಿಗೆ ಸೇವೆಯಲ್ಲಿ ಈ ಪ್ರಶ್ನೆ ಮತ್ತಷ್ಟು ಜಟಿಲವಾಗುತ್ತದೆ. ಗ್ರಾಹಕ ಕಂಪನಿಯ ಕಚೇರಿಯಲ್ಲಿ ದುಡಿಯುವವರಿಗೆ ದಿನನಿತ್ಯದ ಕೆಲಸವನ್ನು ಗ್ರಾಹಕರ ಅಧಿಕಾರಿ ಹೇಳುತ್ತಾರೆ. ವೇತನ ಮತ್ತು ಬಡ್ತಿಯನ್ನು ಮಾತೃಸಂಸ್ಥೆಯ ಅಧಿಕಾರಿ ನಿರ್ಧರಿಸುತ್ತಾರೆ. ಕೆಲಸವನ್ನು ಕಣ್ಣಾರೆ ಕಂಡವರು ಒಬ್ಬರು, ಅದನ್ನು ಅಳೆಯುವವರು ಇನ್ನೊಬ್ಬರಾದಾಗ ಮೌಲ್ಯಮಾಪನ ನ್ಯಾಯಯುತವಲ್ಲವೆಂಬ ಭಾವನೆ ಮೂಡುವ ಸಾಧ್ಯತೆಯಿದೆ.

ನಿರ್ವಹಣಾ ಕ್ರಮಗಳು

ಆದ್ಯತೆಗಳನ್ನು ಮೇಲಧಿಕಾರಿಗಳೇ ಮೊದಲು ತಮ್ಮೊಳಗೆ ಇತ್ಯರ್ಥಪಡಿಸಿಕೊಳ್ಳುವುದು, ಅಂತಿಮ ನಿರ್ಧಾರ ಯಾರದೆಂದು ಸ್ಪಷ್ಟಪಡಿಸುವುದು ಹಾಗೂ ವಾರ್ಷಿಕ ಮೌಲ್ಯಮಾಪನದಲ್ಲಿ ಇಬ್ಬರ ಅಭಿಪ್ರಾಯವನ್ನೂ ಪರಿಗಣಿಸುವುದು ಸಾಮಾನ್ಯವಾಗಿ ಸೂಚಿಸಲಾಗುವ ಕ್ರಮಗಳು.