ನೆಲ ತಿರುಗಿದರೆ ತಿಳಿಯುವುದು ಹೇಗೆ?

2022ರ ಜೂನ್ 23ರ ಬೆಳಗಿನ ಜಾವ ಹೊಳೆನರಸೀಪುರ ತಾಲ್ಲೂಕಿನಲ್ಲಿ 3.4 ಪರಿಮಾಣದ ಭೂಕಂಪ ಸಂಭವಿಸಿದ್ದು ಹಾಸನ ಜಿಲ್ಲೆಯ ಓದುಗರಿಗೆ ನೆನಪಿರಬಹುದು. ಅರಕಲಗೂಡು ಭಾಗದಲ್ಲೂ ಅದರ ಅನುಭವವಾಯಿತು. ನೆಲ ಅತ್ತಿತ್ತ ಅಲುಗಿತು, ಮೇಲೆ ಕೆಳಗೆ ಕುಲುಕಿತು ಎನ್ನುತ್ತೇವೆ. ತಿರುಗಿತು ಎಂದು ಯಾರೂ ಹೇಳುವುದಿಲ್ಲ. ಆದರೆ ಭೂಕಂಪದ ಅಲೆ ಹಾಯುವಾಗ ನೆಲದ ಪ್ರತಿ ತುಣುಕೂ ಅತ್ಯಲ್ಪವಾಗಿಯಾದರೂ ತಿರುಗುತ್ತದೆ.

ಇದರ ಸುಳಿವು ಹಳೆಯದು. 1783ರಲ್ಲಿ ಇಟಲಿಯ ಕಲಾಬ್ರಿಯದಲ್ಲಿ, 1897ರ ಅಸ್ಸಾಂ ಮಹಾಭೂಕಂಪದಲ್ಲಿ, ಕಲ್ಲಿನ ಸ್ತಂಭಗಳ ಮೇಲ್ಭಾಗಗಳು ಬೀಳದೆ ತಮ್ಮ ಪೀಠದ ಮೇಲೆಯೇ ತಿರುಚಿ ನಿಂತವು. ನೆಲವೇ ಸುಂಟರಗಾಳಿಯಂತೆ ಸುತ್ತಿತೆಂದು ಹಲವರು ಭಾವಿಸಿದರು. ರಾಬರ್ಟ್ ಮ್ಯಾಲೆಟ್ ಒಪ್ಪಲಿಲ್ಲ. ಘರ್ಷಣೆ ಹೆಚ್ಚಿರುವ ಬಿಂದು ಗುರುತ್ವಕೇಂದ್ರದ ನೇರಕ್ಕಿಲ್ಲದಿದ್ದರೆ ಬರೀ ಅತ್ತಿತ್ತಲ ಕುಲುಕಾಟವೂ ಕಲ್ಲನ್ನು ತಿರುಗಿಸಬಲ್ಲದು ಎಂದು ಆತ ತೋರಿಸಿದ. ಬೇಲೂರಿನಲ್ಲಿ ತನ್ನ ತೂಕದಿಂದಲೇ ನಿಂತಿರುವ ಸ್ತಂಭವನ್ನು ನೋಡಿದವರಿಗೆ ಈ ತರ್ಕ ಸುಲಭವಾಗಿ ಹೊಳೆದೀತು. ಶ್ರವಣಬೆಳಗೊಳದ ಗೊಮ್ಮಟನಿಗೆ ಇದು ಅನ್ವಯಿಸದು. ಅವನು ಬೆಟ್ಟದ ಬಂಡೆಯದೇ ಭಾಗ.

ಮ್ಯಾಲೆಟ್ಟನ ವಾದ ಸರಿಯೇ. ಆದರೆ ಅದರ ನೆರಳಿನಲ್ಲಿ ನೆಲದ ನಿಜವಾದ ಭ್ರಮಣೆಯೂ ಮರೆಯಾಯಿತು. ಅದು ನಗಣ್ಯವೆಂದು ಪಠ್ಯಪುಸ್ತಕಗಳು ಬಹುಕಾಲ ಬರೆದವು. ಲೋಲಕ ತತ್ವದ ಭೂಕಂಪಮಾಪಕಕ್ಕೆ ಇನ್ನೂ ಒಂದು ತೊಡಕಿದೆ: ನೆಲ ವಾಲಿದರೆ ಗುರುತ್ವದ ಒಂದು ಅಂಶ ಸೇರಿಕೊಳ್ಳುತ್ತದೆ, ಉಪಕರಣ ಅದನ್ನು ಸಮತಲ ವೇಗೋತ್ಕರ್ಷವೆಂದೇ ದಾಖಲಿಸುತ್ತದೆ.

ಬಿಡುಗಡೆ ಬಂದದ್ದು ಬೆಳಕಿನಿಂದ. 1913ರಲ್ಲಿ ಫ್ರಾನ್ಸಿನ ಜಾರ್ಜ್ ಸಾನ್ಯಾಕ್, ತಿರುಗುವ ಮೇಜಿನ ಮೇಲೆ ಎರಡು ಕಿರಣಗಳನ್ನು ಒಂದೇ ದಾರಿಯಲ್ಲಿ ವಿರುದ್ಧ ದಿಕ್ಕಿಗೆ ಕಳಿಸಿದರು. ತಿರುಗುವ ದಿಕ್ಕಿನಲ್ಲೇ ಹೊರಟ ಕಿರಣ ತುಸು ತಡವಾಗಿ ಬರುತ್ತದೆ. ವ್ಯತಿಕರಣ ಪಟ್ಟಿಗಳು ಸರಿಯುತ್ತವೆ. ಈ ಕಾಲವ್ಯತ್ಯಾಸ ಸುತ್ತುವರಿದ ಕ್ಷೇತ್ರಫಲಕ್ಕೆ ಅನುಪಾತೀಯ. 1976ರಲ್ಲಿ ವಾಲಿ ಮತ್ತು ಶಾರ್ಟ್‌ಹಿಲ್ ದ್ಯುತಿತಂತುವಿನ ಸುರುಳಿಯಲ್ಲಿ ಇದನ್ನು ಸಾಧಿಸಿದರು. ಸುತ್ತುಗಳು ಸಾವಿರವಾದರೆ ಕ್ಷೇತ್ರಫಲವೂ ಸಾವಿರಪಟ್ಟು! ಗಾಜಿನ ವಕ್ರೀಭವನಾಂಕ ಕಾಲವ್ಯತ್ಯಾಸದ ಸೂತ್ರದಲ್ಲಿ ಬರುವುದೇ ಇಲ್ಲ. ಏಕೆಂದು ವಿದ್ಯಾರ್ಥಿಗಳು ಯೋಚಿಸಲಿ. ಸುರುಳಿ ಒಟ್ಟಾರೆ ಪಕ್ಕಕ್ಕೆ ಸರಿದರೆ ಎರಡೂ ಕಿರಣಗಳಿಗೆ ಭೇದವಿಲ್ಲ. ಆದ್ದರಿಂದ ಅದು ಭ್ರಮಣೆಯನ್ನು ಮಾತ್ರ ಅಳೆಯುತ್ತದೆ.

ಒಂದು ಲೆಕ್ಕ ಮಾಡಿ. ಅಡ್ಡಲಾಗಿ ಅಲುಗಿಸುವ ಅಲೆಯೊಂದು ಸೆಕೆಂಡಿಗೆ 4 ಕಿ.ಮೀ. ವೇಗದಲ್ಲಿ ಸಾಗುತ್ತಿದೆ, ನೆಲದ ವೇಗೋತ್ಕರ್ಷ 0.0008 ಮೀ/ಸೆ². ಇದನ್ನು ಅಲೆಯ ವೇಗದ ಎರಡರಷ್ಟರಿಂದ ಭಾಗಿಸಿದರೆ ಭ್ರಮಣ ದರ ಸೆಕೆಂಡಿಗೆ ರೇಡಿಯನ್ನಿನ ಕೋಟಿಯಲ್ಲೊಂದು ಭಾಗ. ಭೂಮಿಯ ದೈನಂದಿನ ಭ್ರಮಣೆ ಇದಕ್ಕಿಂತ ಸುಮಾರು 700 ಪಟ್ಟು ದೊಡ್ಡದು! 2003ರ ಸೆಪ್ಟೆಂಬರಿನಲ್ಲಿ ಜಪಾನಿನ ಹೊಕ್ಕೈಡೊ ಕಂಪಿಸಿದಾಗ ಜರ್ಮನಿಯ ವೆಟ್‌ಝೆಲ್‌ನಲ್ಲಿದ್ದ, 4 ಮೀಟರ್ ಬಾಹುವಿನ ಚೌಕಾಕಾರದ ಲೇಸರ್ ಉಪಕರಣ ಇಂಥ ಭ್ರಮಣೆಯನ್ನು ದಾಖಲಿಸಿತು. ಪಕ್ಕದ ಭೂಕಂಪಮಾಪಕದ ವೇಗೋತ್ಕರ್ಷದ ರೇಖೆಯೂ ಇದರ ರೇಖೆಯೂ ಬಹುಮಟ್ಟಿಗೆ ಒಂದರ ಮೇಲೊಂದು ಕೂತವು. ಆ ಉಪಕರಣ ಕದಲಿಸುವಂಥದ್ದಲ್ಲ. ತಂತು ಸುರುಳಿಯನ್ನಾದರೆ ವಾಹನದಲ್ಲಿ ಒಯ್ಯಬಹುದು.

ಈ ಎರಡು ರೇಖೆಗಳ ಅನುಪಾತದಿಂದ ಅಲೆಯ ವೇಗ ಒಂದೇ ಜಾಗದಲ್ಲಿ ಸಿಗುತ್ತದೆ. ಗೌರಿಬಿದನೂರಿನಲ್ಲಿ ಅದಕ್ಕಾಗಿ ಕಿಲೋಮೀಟರುಗಟ್ಟಲೆ ಹರಡಿದ ಮಾಪಕಗಳ ಸಾಲನ್ನೇ 1960ರ ದಶಕದಲ್ಲಿ ಹೂಡಬೇಕಾಯಿತು. ಹಾಸನ, ಚನ್ನರಾಯಪಟ್ಟಣಗಳಂಥ ಕಡೆ ಗಟ್ಟಿ ಬಂಡೆಯ ಮೇಲೆ ಒಂದು ಸುರುಳಿ, ಒಂದು ಮಾಪಕ ಜೊತೆಯಾಗಿದ್ದರೆ ದೂರದ ಭೂಕಂಪಗಳ ಅಲೆಗಳಿಂದ ನಮ್ಮ ಕಾಲಡಿಯ ಶಿಲೆಯ ಸ್ವಭಾವ ತಿಳಿಯಬಹುದು. ಹೊಳೆನರಸೀಪುರದಂಥ ಹತ್ತಿರದ ಸಣ್ಣ ಕಂಪನಕ್ಕೆ ಮಾತ್ರ ಮೇಲಿನ ಸರಳ ಭಾಗಾಕಾರ ಸಾಲದು. ಮೂಲದ ಸನಿಹದಲ್ಲಿ ಅಲೆಗಳು ಸಮತಲ ಅಲೆಗಳಾಗಿರುವುದಿಲ್ಲ. ಅಲ್ಲಿ ಮೂರೂ ಅಕ್ಷಗಳ ಸುತ್ತಲಿನ ಭ್ರಮಣೆಯನ್ನು ಬೇರೆಬೇರೆಯಾಗಿ ಅಳೆಯಬೇಕಾಗುತ್ತದೆ.