ಮಾನವ ಗಣನೆ

ಯಂತ್ರಕ್ಕೆ ಬಗ್ಗದ ಕೆಲಸವನ್ನು ತುಣುಕುಗಳಾಗಿ ಜನರಿಗೆ ಹಂಚಿ, ಬಂದ ಉತ್ತರಗಳನ್ನು ಕಂಪ್ಯೂಟರಿನಿಂದ ಒಗ್ಗೂಡಿಸುವ ವಿಧಾನ. ಕಂಪ್ಯೂಟರ್ ವಿಜ್ಞಾನ, ಅರ್ಥಶಾಸ್ತ್ರ, ಮನೋವಿಜ್ಞಾನ ಮೂರೂ ಇಲ್ಲಿ ಕೂಡುತ್ತವೆ. ಲೂಯಿಸ್ ಫಾನ್ ಆನ್ 2005ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪಿಎಚ್.ಡಿ. ಪ್ರಬಂಧದ ಹೆಸರೂ ಇದೇ. ಜನ ಹೆಚ್ಚಿದಷ್ಟೂ ಫಲ ಹೆಚ್ಚು ಎಂದು ಸಾಮಾನ್ಯವಾಗಿ ನಂಬಲಾಗುತ್ತದೆ. ಆದರೆ ಫಲವನ್ನು ನಿರ್ಧರಿಸುವುದು ತಲೆಯೆಣಿಕೆಗಿಂತ ಹೆಚ್ಚಾಗಿ ಉತ್ತರಗಳನ್ನು ಒರೆಗೆ ಹಚ್ಚುವ ವ್ಯವಸ್ಥೆ. ಜಾಲತಾಣ ಬಳಸುವವರು ಮನುಷ್ಯರೇ ಎಂದು ತಪಾಸಣೆ ಮಾಡುವ 2007ರ ರೀಕ್ಯಾಪ್ಚಾ ಇದಕ್ಕೆ ಸಾಕ್ಷಿ. ಹಳೆಯ ಮುದ್ರಣದಲ್ಲಿ ಯಂತ್ರ ಓದಲಾರದ ಪದದ ಜೊತೆಗೆ ಉತ್ತರ ಗೊತ್ತಿರುವ ಪದವೊಂದನ್ನೂ ಅದು ತೋರಿಸುತ್ತಿತ್ತು; ಗೊತ್ತಿರುವುದನ್ನು ಸರಿಯಾಗಿ ಬರೆದವರ ಓದನ್ನಷ್ಟೇ ಪರಿಗಣಿಸಿ, ಹಲವರದು ತಾಳೆಯಾದಾಗ ಒಪ್ಪಿಕೊಳ್ಳುತ್ತಿತ್ತು. 2008ರಲ್ಲಿ ‘ಸೈನ್ಸ್’ ಪತ್ರಿಕೆ ಪ್ರಕಟಿಸಿದ ಪ್ರಬಂಧದಂತೆ, ಹೀಗೆ ಪಡೆದ ಪದಗಳ ನಿಖರತೆ ಶೇ. 99ನ್ನು ಮೀರಿತ್ತು, ಅಕ್ಷರ ಗುರುತಿಸುವ ತಂತ್ರಾಂಶದ್ದು ಸುಮಾರು ಶೇ. 84.

ಮಾನವ ಗಣನೆ ಕ್ಷುಲ್ಲಕ ಕೆಲಸಗಳಿಗಷ್ಟೇ ಸಲ್ಲುತ್ತದೆ ಎಂಬ ಆಕ್ಷೇಪ ನಿಲ್ಲದು. ವಾಷಿಂಗ್ಟನ್ ವಿಶ್ವವಿದ್ಯಾಲಯ ರೂಪಿಸಿದ, ಪ್ರೋಟೀನ್ ಮಡಿಸುವ ಕಂಪ್ಯೂಟರ್ ಆಟ ಫೋಲ್ಡಿಟ್‌ನ ಆಟಗಾರರು, ವಿಜ್ಞಾನಿಗಳಿಗೆ ವರ್ಷಗಳಿಂದ ಬಿಡಿಸಲಾಗದಿದ್ದ ಮಂಗಗಳ ವೈರಸ್ಸೊಂದರ ಕಿಣ್ವದ ರಚನೆಗೆ ದಾರಿ ತೋರಿದ್ದು 2011ರಲ್ಲಿ ಪ್ರಕಟವಾಯಿತು. ಅಲ್ಲಿಯೂ ಪ್ರತಿ ಚಲನೆಯ ಗುಣಮಟ್ಟವನ್ನು ಅಂಕಗಳು ಅಳೆಯುತ್ತಿದ್ದವು. ಪುಕ್ಕಟೆ ದುಡಿಮೆಯ ಆಕ್ಷೇಪ ಮಾತ್ರ ಗಟ್ಟಿಯಾದದ್ದು. ರೀಕ್ಯಾಪ್ಚಾ ತುಂಬಿದವರಿಗೆ ಕಾಸೂ ಸಿಗಲಿಲ್ಲ. 2009ರಲ್ಲಿ ಗೂಗಲ್ ಅದನ್ನು ಕೊಂಡಿತು. ಜನರಿಗೆ ಹೇಗೂ ಆ ತಪಾಸಣೆ ತಪ್ಪುತ್ತಿರಲಿಲ್ಲ ಎಂಬ ಸಮರ್ಥನೆಯುಂಟು. ಅದು ವ್ಯಯವಾದ ಸಮಯಕ್ಕೆ ಉತ್ತರವೇ ಹೊರತು ಹುಟ್ಟಿದ ಲಾಭದ ಹಂಚಿಕೆಗಲ್ಲ. ದುಡಿದವರಿಗೆ ಪಾಲು ಕೊಡುವ ದಾರಿಯೂ ಇದೆ: ಬೆಂಗಳೂರಿನ ‘ಕಾರ್ಯ’ ಸಂಸ್ಥೆ ಗ್ರಾಮೀಣರಿಂದ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಧ್ವನಿದತ್ತಾಂಶವನ್ನು ಹಣ ಕೊಟ್ಟೇ ಸಂಗ್ರಹಿಸುತ್ತಿದೆ.